ಹನ್ನೊಂದು ಟಿಡಿಎಸ್ ಪಾನಕ

ದೆಹಲಿಯ ಪೀತಮ್‌ಪುರದಲ್ಲಿ ಯಾರ ಮನೆಗೆ ಹೋದರೂ ವೆಂಕಟಸುಬ್ಬಯ್ಯನವರು ಮೊದಲು ಒಂದು ಲೋಟ ನೀರು ಕೇಳುತ್ತಾರೆ. ಬಾಯಾರಿಕೆಗಲ್ಲ. ನೀರು ಬಂದ ಮೇಲೆ ಅಂಗಿಯ ಜೇಬಿನಿಂದ ಪೆನ್ನಿನಂಥದೊಂದನ್ನು ತೆಗೆದು, ಮುಚ್ಚಳ ಬಿಚ್ಚಿ, ಲೋಟದಲ್ಲಿ ಅದ್ದುತ್ತಾರೆ. ಅದರ ಪುಟ್ಟ ಕಿಟಕಿಯಲ್ಲಿ ಅಂಕಿಗಳು ಕುಣಿದು ನಿಲ್ಲುವವರೆಗೆ ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಂತಿರುತ್ತಾರೆ.

"ಮುನ್ನೂರ ನಲವತ್ತು" ಎನ್ನುತ್ತಾರೆ. ದೊಡ್ಡ ಕಾಯಿಲೆಯ ಸುದ್ದಿ ಹೇಳುವ ಡಾಕ್ಟರ ಧ್ವನಿ ಅದು. ಲೋಟವನ್ನು ಪಕ್ಕಕ್ಕೆ ಸರಿಸುತ್ತಾರೆ. ಆಮೇಲೆ ಕಾಫಿ ಕುಡಿಯುತ್ತಾರೆ. ಕಾಫಿಗೆ ಹಾಕಿರುವುದೂ ಅದೇ ನೀರೇ, ಆದರೆ ಕಾಫಿಯನ್ನು ಮಾತ್ರ ಅವರು ಅಳೆಯುವುದಿಲ್ಲ. ಮನುಷ್ಯನಿಗೆ ಎಲ್ಲೋ ಒಂದು ಕಡೆ ನಂಬಿಕೆ ಬೇಕಲ್ಲ.

ಆ ಪೆನ್ನಿನ ಹೆಸರು ಟಿಡಿಎಸ್ ಮೀಟರ್. ನೀರಿನಲ್ಲಿ ಕರಗಿರುವ ಉಪ್ಪಿನಂಶ ಎಷ್ಟಿದೆ ಎಂದು ಅದು ತೋರಿಸುತ್ತದೆ. ದೆಹಲಿಯ ಎಷ್ಟೋ ಕಡೆ ಬೋರ್‌ವೆಲ್ ನೀರು ನಾಲಿಗೆಗೆ ಉಪ್ಪುಪ್ಪಾಗಿಯೇ ಇರುವುದರಿಂದ, ಮನೆಗೆ ನೀರು ಸೋಸುವ ಆರ್‌ಓ ಯಂತ್ರ ಮಾರಲು ಬರುವವರೆಲ್ಲ ಮೊದಲು ಈ ಮೀಟರನ್ನು ಅದ್ದಿ ಹೆದರಿಸುತ್ತಾರೆ. ಹಾಗೆ ಹೆದರಿದವರು ಯಂತ್ರ ಕೊಳ್ಳುತ್ತಾರೆ. ವೆಂಕಟಸುಬ್ಬಯ್ಯನವರು ಯಂತ್ರದ ಜೊತೆಗೆ ಹೆದರಿಸುವ ಪೆನ್ನನ್ನೂ ಕೊಂಡರು.

ಅವರು ಹೊಳೆನರಸೀಪುರದ ಕಡೆಯವರು. ಬಿ.ಕಾಂ. ಮುಗಿಸಿ, ಕೇಂದ್ರ ಸರ್ಕಾರದ ಒಂದು ಸಚಿವಾಲಯಕ್ಕೆ ಗುಮಾಸ್ತರಾಗಿ ಬಂದು, ಸೆಕ್ಷನ್ ಆಫೀಸರಾಗಿ ನಿವೃತ್ತರಾದರು. ಸೇವೆಯುದ್ದಕ್ಕೂ ಅವರು ಕಡತಗಳ ಮೇಲೆ ಬರೆದದ್ದು ಬಹುಪಾಲು 'ಆದೇಶಕ್ಕಾಗಿ ಮೇಲೆ ಕಳಿಸಲಾಗಿದೆ' ಎಂದು. ನಿವೃತ್ತಿಯಾದ ಮರುದಿನ ನೋಡಿದರೆ ಮೇಲೂ ಇಲ್ಲ, ಕಳಿಸಲು ಕಡತವೂ ಇಲ್ಲ. ಅಂಥ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದು ಮೊಬೈಲಿನಲ್ಲಿ ಬೆಳಗಾದರೆ ಬರುವ ವಿಜ್ಞಾನ. ತಾಮ್ರದ ಚೊಂಬಿನ ವಿಜ್ಞಾನ, ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂಬ ವಿಜ್ಞಾನ, ಗ್ರಹಣದ ದಿನ ಒನಕೆ ನೆಟ್ಟಗೆ ನಿಲ್ಲುವ ವಿಜ್ಞಾನ. ಎಲ್ಲವನ್ನೂ ಓದಿ ಮುಂದಕ್ಕೆ ಕಳಿಸುತ್ತಿದ್ದರು. ಹಳೆಯ ಅಭ್ಯಾಸ.

ಮೀಟರ್ ಬಂದ ಮೇಲೆ ಅವರಿಗೆ ಸ್ವಂತ ಅಧಿಕಾರ ಬಂತು. ಅಂಕಿಯ ಎದುರು ಯಾರು ವಾದ ಮಾಡುತ್ತಾರೆ? ನಮ್ಮ ಬಡಾವಣೆಯ ಕನ್ನಡ ಕೂಟದಲ್ಲಿ ವಿಜ್ಞಾನದ ವಿಷಯ ಬಂದರೆ "ವೆಂಕಟಸುಬ್ಬಯ್ಯನವರನ್ನು ಕೇಳಿ" ಎನ್ನುವುದು ರೂಢಿಯಾಯಿತು. ಕೂಟದಲ್ಲಿ ಇಂಜಿನಿಯರುಗಳಿದ್ದರು, ಒಬ್ಬರು ಡಾಕ್ಟರಿದ್ದರು. ಆದರೆ ಅವರಾರೂ ಜೇಬಿನಿಂದ ಏನನ್ನೂ ತೆಗೆದು ತೋರಿಸುತ್ತಿರಲಿಲ್ಲ.

ಒಂದು ಶನಿವಾರ ಕೂಟದ ಪೂಜೆಯಲ್ಲಿ ಕೃಷ್ಣಮೂರ್ತಿ ಭಟ್ಟರು ತೀರ್ಥ ಕೊಡುತ್ತಿದ್ದರು. ವೆಂಕಟಸುಬ್ಬಯ್ಯನವರ ಸರದಿ ಬಂದಾಗ ಅವರು ಅಂಗೈ ಒಡ್ಡುವ ಬದಲು ಪಂಚಪಾತ್ರೆಗೇ ಮೀಟರ್ ಅದ್ದಿಬಿಟ್ಟರು. ಸಾಲಿನಲ್ಲಿದ್ದವರೆಲ್ಲ ಬಗ್ಗಿ ನೋಡಿದರು.

"ಭಟ್ಟರೇ, ನಾನೂರ ಹತ್ತು ಇದೆ. ಇದು ಕುಡಿಯೋ ಮಟ್ಟದ್ದಲ್ಲ."

ಭಟ್ಟರು ಉದ್ಧರಣೆಯನ್ನು ಹಾಗೇ ಹಿಡಿದು ನಿಂತರು. "ದೇವರಿಗೆ ಅಭಿಷೇಕ ಮಾಡೋವಾಗ ಎಷ್ಟಿತ್ತೋ ನಾನು ನೋಡಿಲ್ಲ ಸ್ವಾಮಿ. ಅವನೇನೂ ಅನ್ನಲಿಲ್ಲ. ನಿಮಗೆ ಬೇಕೋ, ಬೇಡವೋ? ಹಿಂದೆ ಜನ ಕಾಯ್ತಿದ್ದಾರೆ."

ಅವರು ತೀರ್ಥ ತಗೊಂಡರು. ಆದರೆ ಕುಡಿಯದೆ ತಲೆಗೆ ಸವರಿಕೊಂಡರು. ಹಿಂದಿದ್ದವರಲ್ಲಿ ಕೆಲವರು ಅದನ್ನು ನೋಡಿ ತಾವೂ ಹಾಗೆಯೇ ಮಾಡಿದರು.

ಪದ್ಮಾ ವೆಂಕಟಸುಬ್ಬಯ್ಯನವರ ಹೆಂಡತಿ, ನಮ್ಮ ಎದುರು ಮನೆಯವರು. ಮುಂದಿನದನ್ನೆಲ್ಲ ನನಗೆ ಹೇಳಿದ್ದು ಅವರೇ. ಕೂಟದ ಗಣೇಶನ ಹಬ್ಬಕ್ಕೆ ಪಾನಕ ಮಾಡುವುದು ಮೊದಲಿನಿಂದಲೂ ಪದ್ಮಾ ಅವರ ಸೇವೆ. ಬೆಳಗಿನ ಜಾವ ಸ್ನಾನ ಮಾಡಿ, ಮಡಿಯುಟ್ಟು, ನೀರು ಕಾಯಿಸಿ ಆರಿಸಿ, ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ, ಒಣಶುಂಠಿ, ಕಾಳುಮೆಣಸು ಕುಟ್ಟಿ ಹಾಕಿ, ನಿಂಬೆಹಣ್ಣು ಹಿಂಡಿ, ಮೊದಲ ಲೋಟ ಗಣಪತಿಯ ಮುಂದಿಡುತ್ತಾರೆ. ಆಮೇಲೆ ಇಡೀ ಕೂಟ ಕುಡಿಯುತ್ತದೆ. ವೇದಿಕೆ ಹತ್ತದ, ಮೈಕು ಹಿಡಿಯದ, ಕಾರ್ಯಕಾರಿ ಸಮಿತಿಯಲ್ಲಿ ಹೆಸರಿಲ್ಲದ ಅವರಿಗೆ ವರ್ಷಕ್ಕೆ ಒಂದು ದಿನದ ಆ ಹಂಡೆಯೇ ಎಲ್ಲ.

ಈ ಸಲ ಭಾದ್ರಪದಕ್ಕೆ ಮುಂಚೆ ದೆಹಲಿಯ ಸೆಕೆ ಮೈಗೆ ಜಿಗಟಾಗಿ ಅಂಟಿಕೊಳ್ಳುವಂಥದು. ಏಸಿ ಹಗಲೆಲ್ಲ ಓಡುತ್ತಿತ್ತು. ಬಾಲ್ಕನಿಯಲ್ಲಿ ಅದರ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ಪದ್ಮಾ ನೆಲ ಒರೆಸಲೆಂದು ಒಂದು ಬಕೆಟ್ ಇಟ್ಟಿದ್ದರು. ವೆಂಕಟಸುಬ್ಬಯ್ಯನವರು ಪೇಪರ್ ಓದಿ ಮುಗಿಸಿ, ಅಳೆಯಲು ಬೇರೇನೂ ಉಳಿಯದೆ, ಆ ಬಕೆಟ್ಟಿಗೆ ಮೀಟರ್ ಅದ್ದಿದರು.

"ಪದ್ಮಾ! ಬಾ ಇಲ್ಲಿ! ಬೇಗ ಬಾ!"

ಯಾರೋ ಬಿದ್ದರೆಂದು ಪದ್ಮಾ ಸೌಟು ಹಿಡಿದೇ ಓಡಿ ಬಂದರು.

"ಹನ್ನೊಂದು! ನಮ್ಮ ಆರ್‌ಓ ನೀರೇ ಎಪ್ಪತ್ತು. ಇದು ಹನ್ನೊಂದು! ಈ ಊರಲ್ಲಿ ಇದಕ್ಕಿಂತ ಶುದ್ಧವಾದ ನೀರಿಲ್ಲ ಕಣೇ. ನಾವು ಇದರಲ್ಲಿ ನೆಲ ಒರೆಸ್ತಿದೀವಿ!"

"ಅದರಲ್ಲಿ ಏನೋ ಲೋಳೆ ತೇಲ್ತಾ ಇದೆಯಲ್ರೀ."

"ಲೋಳೆಗೆ ಟಿಡಿಎಸ್ ಇಲ್ಲ."

ಗಾಳಿಯಲ್ಲಿರುವ ನೀರಿನ ಆವಿ ಏಸಿಯ ತಣ್ಣನೆಯ ಕೊಳವೆಗೆ ತಾಗಿ ಹನಿಯಾಗುತ್ತದೆ. ಆವಿಗೆ ಉಪ್ಪನ್ನು ಹೊತ್ತುಕೊಂಡು ಹಾರಲು ಬರುವುದಿಲ್ಲ, ಆದ್ದರಿಂದ ಆ ಹನಿಯಲ್ಲಿ ಉಪ್ಪಿಲ್ಲ. ಅಷ್ಟು ನಿಜ. ಆದರೆ ಆ ಹನಿ ಕೆಳಗಿಳಿಯುವುದು ವರ್ಷಗಟ್ಟಲೆ ಧೂಳು, ಬೂಷ್ಟು ಕೂತ ತಟ್ಟೆಯ ಮೇಲೆ ಹರಿದು. ಅಲ್ಲಿ ಸಂಸಾರ ಹೂಡಿರುವ ಸೂಕ್ಷ್ಮಜೀವಿಗಳು ಮೀಟರಿನ ಕಣ್ಣಿಗೆ ಬೀಳುವುದಿಲ್ಲ. ಅವು ಬಕೆಟ್ಟಿನಲ್ಲಿ ಜಾತ್ರೆ ಸೇರಿದರೂ ಅಂಕಿ ಹನ್ನೊಂದೇ.

ಸಂಜೆ ಮಗಳು ಅಪೂರ್ವ ಗುರುಗ್ರಾಮದ ಆಫೀಸಿನಿಂದ ಬಂದಳು. ಅಪ್ಪ ಸ್ಟೀಲಿನ ಲೋಟದಲ್ಲಿ ಆ ನೀರು ಕುಡಿಯುತ್ತಿದ್ದುದನ್ನು ನೋಡಿ ಬ್ಯಾಗನ್ನು ನೆಲಕ್ಕೇ ಹಾಕಿದಳು.

"ಅಪ್ಪಾ! ಏಸಿ ಕಾ ಪಾನಿ ಕೌನ್ ಪೀತಾ ಹೈ? ಛೀ, ಇಟ್ಸ್ ಸೋ ಗಂದಾ!"

"ಗಂದಾ, ಕೊಳಕು ಅನ್ನೋದು ಯಾವ ಯೂನಿಟ್ಟಮ್ಮ? ಅಂಕಿ ಹೇಳು, ಕೇಳ್ತೀನಿ."

"ಅಂಕಿ ನಹೀ ಪತಾ. ನನ್ನ ಹತ್ತಿರ ಮೂಗಿದೆ, ಬಸ್."

ಪದ್ಮಾ ಬೇರೆ ದಾರಿ ಹಿಡಿದರು. ಒಂದು ಲೋಟ ಆರ್‌ಓ ನೀರಿಗೆ ನಾಲ್ಕು ಚಮಚ ಸಕ್ಕರೆ ಕದಡಿ ಗಂಡನ ಮುಂದಿಟ್ಟು, "ಇದಕ್ಕೆ ಎಷ್ಟು ನೋಡಿ" ಎಂದರು. ಅಂಕಿ ಅಲ್ಲಾಡಲೇ ಇಲ್ಲ, ಎಪ್ಪತ್ತರ ಆಸುಪಾಸಿನಲ್ಲೇ ಕೂತಿತು. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಮೀಟರ್ ಅದನ್ನೇ ಅಳೆಯುವುದು. ಸಕ್ಕರೆ ಕರಗಿದರೆ ಹರಿಯುವುದಿಲ್ಲ.

"ನಾಲ್ಕು ಚಮಚ ಸಕ್ಕರೆ ಹಾಕಿದೀನಿ. ನಿಮ್ಮ ಮೀಟರಿಗೆ ಗೊತ್ತೇ ಆಗಲಿಲ್ಲ. ಇನ್ನು ಹುಳ ಹುಪ್ಪಟೆ ಎಲ್ಲಿಂದ ಗೊತ್ತಾಗಬೇಕು?"

ವೆಂಕಟಸುಬ್ಬಯ್ಯನವರು ಲೋಟ ನೋಡಿದರು, ಮೀಟರ್ ನೋಡಿದರು. ಅವರ ಮುಖ ನಿಧಾನವಾಗಿ ಅರಳಿತು.

"ಅಂದರೆ ಸಕ್ಕರೆ ಪರಿಶುದ್ಧ! ಸಕ್ಕರೆ ಕಾಯಿಲೆ ಅಂತ ಇಷ್ಟು ವರ್ಷ ನನ್ನ ಬಾಯಿ ಕಟ್ಟಿದ್ದೆಯಲ್ಲ!" ಎಂದು ಅಷ್ಟನ್ನೂ ಕುಡಿದುಬಿಟ್ಟರು.

ಮರುದಿನ ಬೆಲ್ಲದ ನೀರಿಗೆ ಮೀಟರ್ ಅದ್ದಿ ನೋಡಿದರು. ಸಾವಿರ ದಾಟಿತು. ಬೆಲ್ಲದಲ್ಲಿ ಕಬ್ಬಿನ ಖನಿಜಗಳು ಉಳಿದಿರುತ್ತವೆ, ಅದನ್ನು ಒಳ್ಳೆಯದೆಂದೇ ನಮ್ಮ ಹಿರಿಯರು ತಿಂದದ್ದು. ಮೀಟರಿಗೆ ಹಿರಿಯರ ಪರಿಚಯವಿಲ್ಲ.

ಆ ಭಾನುವಾರದ ಕೂಟದ ಸಭೆಯಲ್ಲಿ ವೆಂಕಟಸುಬ್ಬಯ್ಯನವರು ಎದ್ದು ನಿಂತು, ಈ ಸಲದ ಪಾನಕ ಏಸಿ ನೀರಿನಲ್ಲಿ, ಸಕ್ಕರೆ ಹಾಕಿ ಆಗಬೇಕೆಂದು ಸೂಚಿಸಿದರು. ಕಾರ್ಯದರ್ಶಿ ಈಶ್ವರಪ್ಪನವರಿಗೆ ಹೊಸದೆಂದರೆ ಆಯಿತು.

"ಅಚ್ಛಾ! ದೆಹಲಿಯ ಯಾವ ಸಂಘವೂ ಮಾಡಿಲ್ಲ ಸಾರ್ ಇದನ್ನು! ಪೋಸ್ಟರಿನಲ್ಲೇ ಹಾಕಿಸ್ತೀನಿ. 'ವೈಜ್ಞಾನಿಕ ಪಾನಕ, ಹನ್ನೊಂದು ಟಿಡಿಎಸ್.'"

ಯಾರೋ ಶಾಸ್ತ್ರದ ಮಾತೆತ್ತಿದರು. ಎಲ್ಲರೂ ಕೃಷ್ಣಮೂರ್ತಿ ಭಟ್ಟರ ಕಡೆ ನೋಡಿದರು. ಹಬ್ಬದ ಪೂಜೆ ಅವರದೇ. ತೀರ್ಥದ ದಿನ ಆದದ್ದು ಅವರಿಗೆ ಇನ್ನೂ ಮರೆತಿರಲಿಲ್ಲ.

"ಶಾಸ್ತ್ರದಲ್ಲಿ ಬಾವಿ ಇದೆ, ನದಿ ಇದೆ, ಮಳೆ ಇದೆ. ಏಸಿ ಇಲ್ಲ. ಇಲ್ಲದ್ದನ್ನು ಬೇಡ ಅಂತ ಹೇಳೋದು ಹೇಗೆ?" ಎಂದು ಅವರು ಜಾರಿಕೊಂಡರು. ಠರಾವು ಪಾಸಾಯಿತು.

ಅಂದಿನಿಂದ ಕನ್ನಡದವರ ಬಾಲ್ಕನಿಗಳಲ್ಲೆಲ್ಲ ಬಕೆಟ್ಟುಗಳು ಕಾಣಿಸಿಕೊಂಡವು. ಸಂಜೆ ಪಾರ್ಕಿನಲ್ಲಿ ಅದೇ ಮಾತು. "ನಮ್ಮದು ಹದಿಮೂರು ಬಂತು." "ನಮ್ಮದು ಒಂಬತ್ತು. ಇನ್‌ವರ್ಟರ್ ಏಸಿ ಅಲ್ವಾ?" ಹಳೆಯ ಏಸಿ ಇದ್ದವರು ನಾಚಿಕೊಂಡು ಸುಮ್ಮನಿರುತ್ತಿದ್ದರು. ಒಬ್ಬರ ಮನೆಯದು ಇಪ್ಪತ್ತೆಂಟು ಬಂದಾಗ ಈಶ್ವರಪ್ಪನವರು, "ಪರವಾಗಿಲ್ಲ ಬಿಡಿ, ಕೈತೊಳೆಯೋದಕ್ಕೆ ಇಟ್ಕೊಳ್ಳೋಣ" ಎಂದು ಸಮಾಧಾನ ಹೇಳಿದರು.

ಪದ್ಮಾ ಆ ವಾರ ಸರಿಯಾಗಿ ಉಣ್ಣಲಿಲ್ಲ. ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದರು. "ಹಂಡೆ ನನ್ನ ಕೈಯಲ್ಲಿರುತ್ತೆ. ಕುಡಿಯೋರು ಇನ್ನೂರು ಜನ. ಅದರಲ್ಲಿ ಎಳೆ ಮಕ್ಕಳಿದಾವೆ. ಈ ನೀರು ಹಾಕಿದರೆ ಗಣಪತಿ ಮುಂದೆ ಹೇಗೆ ನಿಲ್ಲಲಿ? ಹಾಕದೇ ಹೋದರೆ ಇಡೀ ಕೂಟದ ಎದುರು ಇವರ ಮುಖ ಏನಾಗುತ್ತೆ? ಕೆಲಸ ಬಿಟ್ಟ ಮೇಲೆ ಇವರನ್ನು ನಾಲ್ಕು ಜನ ಕೇಳೋ ಹಾಗಾಗಿದ್ದು ಇದೊಂದೇ."

ಹಬ್ಬಕ್ಕೆ ಮೂರು ದಿನ ಇರುವಾಗ ವೆಂಕಟಸುಬ್ಬಯ್ಯನವರಿಗೆ ಭೇದಿ ಹಿಡಿಯಿತು.

ಅವರು ಕಾರಣ ಹುಡುಕಿದರು. ಮಜ್ಜಿಗೆಗೆ ಮೀಟರ್ ಅದ್ದಿ, ಸಾರಿಗೆ ಅದ್ದಿ, ಎರಡೂ ಅಪರಾಧಿಗಳೆಂದು ತೀರ್ಮಾನಿಸಿ ಬಿಟ್ಟುಬಿಟ್ಟರು. ಹೊಟ್ಟೆ ತೊಳೆದು ಹೋಗಲೆಂದು ಇನ್ನಷ್ಟು ಏಸಿ ನೀರು ಕುಡಿದರು. ಮರುದಿನ ಸಂಜೆಯ ಹೊತ್ತಿಗೆ ಬಚ್ಚಲಿನಿಂದ ಮಂಚಕ್ಕೆ ಬರಲು ಗೋಡೆ ಹಿಡಿಯಬೇಕಾಯಿತು. ಅಪೂರ್ವ ಕೂಟದ ಡಾಕ್ಟರ್ ಧಾರಿಣಿಯವರನ್ನು ಕರೆತಂದಳು. ಅವರ ಕ್ಲಿನಿಕ್ ಮಾರ್ಕೆಟ್ಟಿನಲ್ಲೇ ಇದೆ.

ಧಾರಿಣಿ ನಾಲಿಗೆ ನೋಡಿದರು, ಕೈಮೇಲಿನ ಚರ್ಮ ಚಿವುಟಿ ನೋಡಿದರು, ಸಕ್ಕರೆ ಪರೀಕ್ಷೆ ಮಾಡಿ ಹುಬ್ಬು ಗಂಟಿಕ್ಕಿದರು. ಮಾತ್ರೆ ಬರೆದು, "ಓಆರ್‌ಎಸ್ ಪುಡಿ ಕೊಡಿ ಆಂಟಿ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪಾಕೆಟ್. ಗುಟುಕು ಗುಟುಕಾಗಿ ಕುಡಿಸ್ತಾ ಇರಿ" ಎಂದರು.

ಪದ್ಮಾ ಕಲಸಿ ತಂದರು. ವೆಂಕಟಸುಬ್ಬಯ್ಯನವರು ಮಲಗಿದಲ್ಲಿಂದಲೇ ದಿಂಬಿನ ಕೆಳಗೆ ಕೈಹಾಕಿ ಮೀಟರ್ ತೆಗೆದರು. ಅಂಕಿ ಸಾವಿರ ದಾಟಿತು, ಎರಡು ಸಾವಿರ ದಾಟಿತು, ನಾಲ್ಕು ಸಾವಿರವನ್ನೂ ದಾಟಿ ನಿಂತಿತು.

"ಇದು ಸಮುದ್ರ" ಎಂದು ಲೋಟ ದೂಡಿದರು. "ನನ್ನನ್ನು ಕೊಲ್ಲಬೇಕು ಅಂತ ಇದ್ದೀರಾ?"

"ಅಪ್ಪಾ, ಪ್ಲೀಸ್. ಡ್ರಾಮಾ ಮತ್ ಕರೋ" ಎನ್ನುತ್ತಲೇ ಅಪೂರ್ವ ಅಳತೊಡಗಿದಳು.

ಧಾರಿಣಿ ಹೊರಟವರು ತಿರುಗಿ ಬಂದು ಮಂಚದ ಅಂಚಿನಲ್ಲಿ ಕೂತರು. "ಅಂಕಲ್, ನಿಮ್ಮ ಬೆವರು ನೆಕ್ಕಿ ನೋಡಿದೀರಾ ಯಾವತ್ತಾದರೂ? ಉಪ್ಪಗಿರುತ್ತೆ. ಕಣ್ಣೀರು ಉಪ್ಪು. ರಕ್ತ ಉಪ್ಪು. ನಿನ್ನೆಯಿಂದ ಆ ಉಪ್ಪೆಲ್ಲ ಬಚ್ಚಲಿಗೆ ಹೋಗಿದೆ. ಅದನ್ನೇ ಈ ಲೋಟದಲ್ಲಿ ವಾಪಸ್ ಕೊಡ್ತಿರೋದು."

"ನನ್ನ ರಕ್ತದ ಟಿಡಿಎಸ್ ಎಷ್ಟಿರಬಹುದು?" ವೆಂಕಟಸುಬ್ಬಯ್ಯನವರ ಧ್ವನಿ ಸಣ್ಣಗಿತ್ತು.

"ನಿಮ್ಮ ಲೆಕ್ಕದಲ್ಲೇ ಹೇಳೋದಾದರೆ ಸುಮಾರು ಒಂಬತ್ತು ಸಾವಿರ. ದೇವರ ದಯೆ. ಅದು ಹನ್ನೊಂದಕ್ಕೆ ಬಂದ ದಿನ ನನ್ನನ್ನ ಕರೀಬೇಡಿ, ಕೃಷ್ಣಮೂರ್ತಿ ಭಟ್ಟರನ್ನ ಕರೀರಿ."

ವೆಂಕಟಸುಬ್ಬಯ್ಯನವರು ಕೈಯಲ್ಲಿದ್ದ ಮೀಟರನ್ನು ತಿರುಗಿಸಿ ನೋಡಿದರು. ಆಮೇಲೆ ಅವರು ಕೇಳಿದರು. "ಹಾಗಾದರೆ ಇದು ಅಳೆಯೋದು ಏನನ್ನ?"

"ಉಪ್ಪನ್ನ. ಅಷ್ಟೇ. ಹುಳುಗಳನ್ನ ಅಳೆಯೋಲ್ಲ. ಅವನ್ನ ನೀವೇ ಬಕೆಟ್ಟಲ್ಲಿ ಸಾಕಿ, ಲೋಟದಲ್ಲಿ ಕುಡಿದಿದೀರಿ. ಹಬ್ಬದ ದಿನ ಎಲ್ಲರಿಗೂ ಅದನ್ನೇ ಕುಡಿಸಿದರೆ ನನಗೆ ಕ್ಲಿನಿಕ್ ಸಾಲೋದಿಲ್ಲ ಅಂಕಲ್, ಶಾಮಿಯಾನ ಹಾಕಿಸಬೇಕಾಗುತ್ತೆ."

ಪದ್ಮಾ ಲೋಟವನ್ನು ಮತ್ತೆ ಅವರ ತುಟಿಯ ಹತ್ತಿರ ತಂದರು. ಅವರು ಕಣ್ಣು ಮುಚ್ಚಿಕೊಂಡು ಕುಡಿದರು, ತೀರ್ಥ ಕುಡಿಯುವ ಹಾಗೆ.

ಮರುದಿನ ಜೀವ ಹಿಡಿದುಕೊಂಡಿತು. ಆದರೆ ಬಾಯಿ ಬಿಗಿಯಿತು. ಈಶ್ವರಪ್ಪನವರಿಗೆ ಫೋನ್ ಮಾಡಿ ಎಂದು ಪದ್ಮಾ ಬೆಳಿಗ್ಗೆ ಹೇಳಿದರು, ಮಧ್ಯಾಹ್ನ ಹೇಳಿದರು. ಅವರು ಗೋಡೆಯ ಕಡೆ ತಿರುಗಿಕೊಂಡರು. ಸಂಜೆ ಮಗಳನ್ನು ಕರೆದು ಒಂದು ಸಂದೇಶ ಬರೆಸಿದರು. 'ಕೆಲವು ತಾಂತ್ರಿಕ ಕಾರಣಗಳಿಂದಾಗಿ ಏಸಿ ನೀರಿನ ಬಳಕೆಯನ್ನು ಮುಂದಿನ ಆದೇಶದವರೆಗೆ ತಡೆಹಿಡಿಯುವುದು ಸೂಕ್ತವೆಂದು ಅಭಿಪ್ರಾಯಪಡಲಾಗಿದೆ.'

ಈಶ್ವರಪ್ಪನವರು ತಕ್ಷಣ ಉತ್ತರಿಸಿದರು. 'ಚಿಂತೆ ಬೇಡ ಸಾರ್. ಕ್ಯಾನುಗಳೆಲ್ಲ ತುಂಬಿವೆ. ಪೋಸ್ಟರ್ ಹೋಗಿಯಾಗಿದೆ. ನೀವು ಆರಾಮ್ ಮಾಡಿ.'

"ತಾಂತ್ರಿಕ ಕಾರಣ ಅಂದರೆ ಅವರಿಗೆ ಅರ್ಥ ಆಗೋಲ್ಲ" ಎಂದರು ಪದ್ಮಾ. "ನಿಮಗೆ ಏನಾಯ್ತೋ ಅದನ್ನ ಹೇಳಿ."

"ಭೇದಿ ಆಯ್ತು ಅಂತ ಕೂಟದ ಗ್ರೂಪಿನಲ್ಲಿ ಹಾಕಲಾ?"

"ನಾನು ನಾಳೆ ಬೆಲ್ಲದ ಪಾನಕವನ್ನೇ ಮಾಡ್ತೀನಿ, ನೀರು ಕುದಿಸಿ. ನಿಮ್ಮ ವಿರುದ್ಧ ಯಾರ ಹತ್ತಿರವೂ ಒಂದು ಮಾತಾಡೋಲ್ಲ. ಆದರೆ ಆ ಕ್ಯಾನುಗಳನ್ನ ನನ್ನ ಹಂಡೆಗೆ ಸುರಿಯೋದಕ್ಕೆ ಬಿಡೋಲ್ಲ. ಯಾಕೆ ಅಂತ ಅವರು ಕೇಳಿದರೆ ನನ್ನ ಹತ್ತಿರ ಅಂಕಿ ಇಲ್ಲ." ಅಷ್ಟು ಹೇಳಿ ಪದ್ಮಾ ದೀಪ ಹಚ್ಚಲು ಹೋದರು.

ಹಬ್ಬದ ಬೆಳಿಗ್ಗೆ ಸಮುದಾಯ ಭವನದಲ್ಲಿ ಮಂಗಳಾರತಿ ಆಯಿತು. ಒಂದು ಮೇಜಿನ ಮೇಲೆ ಪದ್ಮಾ ಅವರ ಹಂಡೆ, ಪಕ್ಕದಲ್ಲಿ ಹೂವಿನ ಎಳೆ ಸುತ್ತಿದ ಏಸಿ ನೀರಿನ ಕ್ಯಾನುಗಳು. ಈಶ್ವರಪ್ಪನವರು ಹಂಡೆಯೊಳಗೆ ಇಣುಕಿದರು.

"ಏನಮ್ಮಾ ಇದು, ಬೆಲ್ಲದ ಬಣ್ಣ ಇದೆ! ಠರಾವು ಬೇರೆ ಆಗಿತ್ತಲ್ಲ?"

ಪದ್ಮಾ ಸೌಟು ಹಿಡಿದು ನಿಂತಿದ್ದರು. ಜನ ಸುತ್ತ ಸೇರಿದರು. ಲೋಟ ಹಿಡಿದಿದ್ದವರು ಕುಡಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಬಾಗಿಲಲ್ಲಿ ವೆಂಕಟಸುಬ್ಬಯ್ಯನವರು ಮಗಳ ಭುಜ ಹಿಡಿದು ನಿಂತಿದ್ದರು. ಅಂಗಿ ಹೆಗಲಿನಿಂದ ಜಾರುವಷ್ಟು ಇಳಿದಿದ್ದರು.

"ಸರಿಯಾದ ಹೊತ್ತಿಗೆ ಬಂದಿರಿ ಸಾರ್!" ಈಶ್ವರಪ್ಪನವರು ಓಡಿ ಹೋಗಿ ಕೈಹಿಡಿದು ಕರೆತಂದರು. "ನೀವೇ ಅಳೆದು ಹೇಳಿ. ನಿಮ್ಮ ಮಾತೇ ಕೊನೆ."

ಅವರು ಹಂಡೆಗೆ ಮೀಟರ್ ಅದ್ದಿದರು. ಸಾವಿರದ ಆರುನೂರು. ಈಶ್ವರಪ್ಪನವರು ಗಟ್ಟಿಯಾಗಿ ಓದಿದ ಕೂಡಲೇ ತಾಯಂದಿರು ಮಕ್ಕಳ ಕೈಯಿಂದ ಲೋಟ ಕಿತ್ತುಕೊಂಡರು.

ಪದ್ಮಾ ಗಂಡನ ಮುಖ ನೋಡಲಿಲ್ಲ. ಹಂಡೆಯನ್ನೇ ನೋಡುತ್ತಿದ್ದರು.

ವೆಂಕಟಸುಬ್ಬಯ್ಯನವರು ಹೆಂಡತಿಯ ಕೈಯಿಂದ ಸೌಟು ತೆಗೆದುಕೊಂಡು, ತಾವೇ ಒಂದು ಲೋಟ ತುಂಬಿಸಿ, ಎಲ್ಲರೆದುರು ಪೂರ್ತಿ ಕುಡಿದರು. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಈ ಮೀಟರ್ ಉಪ್ಪನ್ನು ಮಾತ್ರ ಅಳೆಯುತ್ತೆ. ರೋಗ ಬರಿಸೋ ಹುಳುಗಳನ್ನ ಅಳೆಯೋಲ್ಲ. ನನಗದು ಗೊತ್ತಿರಲಿಲ್ಲ. ಗೊತ್ತಿಲ್ಲದೇ ನಿಮಗೆಲ್ಲ ಹೇಳಿಕೊಂಡು ಓಡಾಡಿದೆ. ಏಸಿ ನೀರು ಕುಡಿದು ಮೂರು ದಿನ ನನಗೆ..." ಸ್ವಲ್ಪ ತಡೆದರು. ಸರ್ಕಾರಿ ಭಾಷೆಯಲ್ಲಿ ಅದಕ್ಕೊಂದು ಮಾತು ಹುಡುಕುತ್ತಿದ್ದರೋ ಏನೋ, ಸಿಗಲಿಲ್ಲ. "ಭೇದಿ ಆಯ್ತು. ಆ ಕ್ಯಾನುಗಳನ್ನ ಚೆಲ್ಲಿ. ಈ ಪಾನಕ ಕುದಿಸಿದ ನೀರಿಂದು. ಧೈರ್ಯವಾಗಿ ಕುಡೀರಿ."

ಪದ್ಮಾ ಸೌಟು ವಾಪಸ್ ತೆಗೆದುಕೊಂಡು ಸೆರಗಿನಿಂದ ಒಮ್ಮೆ ಕಣ್ಣೊರೆಸಿಕೊಂಡರು. ಮೊದಲು ಧಾರಿಣಿ ಬಂದು ಲೋಟ ಒಡ್ಡಿದರು. ಹಿಂದೆ ಭಟ್ಟರು ಬಂದರು. "ನನಗೆ ಅವತ್ತೇ ಅನ್ನಿಸಿತ್ತು" ಎಂದರು. ಸಭೆಯಲ್ಲಿ ಅವರೇನು ಹೇಳಿದ್ದರೆಂದು ಯಾರೂ ನೆನಪಿಸಲಿಲ್ಲ, ಹಬ್ಬದ ದಿನ. ಆಮೇಲೆ ಸಾಲು ಬಾಗಿಲವರೆಗೆ ಬೆಳೆಯಿತು. ಏಸಿ ನೀರು ಭವನದ ನೆಲ ಒರೆಸಲು ಹೋಯಿತು. ನೆಲ ಚೆನ್ನಾಗಿಯೇ ಹೊಳೆಯಿತು.

ವೆಂಕಟಸುಬ್ಬಯ್ಯನವರು ಹಂಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಲೋಟಗಳನ್ನು ಜೋಡಿಸಿಕೊಡತೊಡಗಿದರು. ಎಷ್ಟೋ ಕಾಲದ ಮೇಲೆ ಅವರ ಕೈಗೆ ಅಳೆಯದ ಕೆಲಸವೊಂದು ಸಿಕ್ಕಿತ್ತು. ಆದರೆ ಕೂಟ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಎರಡನೆಯ ಲೋಟ ಮುಗಿಸಿದ ಈಶ್ವರಪ್ಪನವರು ಬಗ್ಗಿ ಕಿವಿಯ ಹತ್ತಿರ ಕೇಳಿದರು.

"ಸಾರ್, ಹಾಗಾದರೆ ಸರಿಯಾದ ಅಂಕಿ ಸಾವಿರದ ಆರುನೂರು ಅಂತಾಯ್ತು. ನಮ್ಮನೆ ನೀರು ಬರೀ ಮುನ್ನೂರಿದೆ. ಉಪ್ಪು ಹಾಕಿ ಏರಿಸಿಕೊಳ್ಳಬೇಕಾ?"

ವೆಂಕಟಸುಬ್ಬಯ್ಯನವರು ಹೆಂಡತಿಯ ಕಡೆ ತಿರುಗಿ, "ಪದ್ಮಾ, ಇವರಿಗೆ ನೀನೇ ಹೇಳು" ಎಂದರು.

"ಕುದಿಸಿ ಕುಡೀರಿ ಅಣ್ಣಾ, ಸಾಕು" ಎಂದು ಪದ್ಮಾ ಮುಂದಿನ ಲೋಟಕ್ಕೆ ಪಾನಕ ಸುರಿದರು.

"ಎಷ್ಟು ಡಿಗ್ರಿವರೆಗೆ ಅಮ್ಮಾ? ಅದಕ್ಕೆ ಮೀಟರ್ ಎಲ್ಲಿ ಸಿಗುತ್ತೆ?"